ವಿರೇಚನದ ಚರಿತ್ರೆಯೂ ಮುಪ್ಪಿನ ಕೋಷ್ಠವೂ

ಕೆಲವು ವಿಷಯಗಳು ಮನೆಮಂದಿಗೆಲ್ಲ ತಿಳಿದಿದ್ದರೂ ಯಾರ ಬಾಯಿಂದಲೂ ಹೊರಡುವದಿಲ್ಲ. ಮುಪ್ಪಿನವರ ಮಲಬದ್ಧತೆಯು ಅಂಥವುಗಳಲ್ಲೊಂದು. ಸಾಹಿತ್ಯದ ಮಾಸಪತ್ರಿಕೆಯಲ್ಲಿ ಈ ವಿಷಯಕ್ಕೆ ಸ್ಥಳವೆಲ್ಲಿಯದೆಂದು ವಾಚಕರಲ್ಲಿ ಕೆಲವರು ಮೂಗು ಮುರಿಯಬಹುದು. ಆದರೆ ನಮ್ಮ ಪ್ರಾಚೀನರು ಹಾಗೆ ಮೂಗು ಮುರಿದವರಲ್ಲ. ಚರಕಸಂಹಿತೆಯ ಎಂಟು ಸ್ಥಾನಗಳಲ್ಲಿ ಒಂದಾದ ಕಲ್ಪಸ್ಥಾನವು ಆದ್ಯಂತವಾಗಿ ವಮನ-ವಿರೇಚನಗಳ ಔಷಧಗಳಿಗೇ ಮೀಸಲಾಗಿರುವದು. ಅವರಿಗೆ ಶಾಸ್ತ್ರವಾಗಿ ಕಂಡದ್ದು ನಮಗೆ ನಾಚಿಕೆಯಾಗಿ ಉಳಿದಿರುವದು ವಿಚಾರಾರ್ಹವಾದ ಸಂಗತಿಯೇ ಸರಿ. ಈ ನಾಚಿಕೆಯ ಬೆಲೆಯನ್ನು ನಾನು ನನ್ನ ಮನೆಯಲ್ಲಿಯೇ ತೆತ್ತಿರುವೆನು. ಅದನ್ನು ಯಥಾಸ್ಥಳದಲ್ಲಿ ಹೇಳುವೆನು. ಮೊದಲು ಚರಿತ್ರೆಯನ್ನು ನೋಡೋಣ.

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಅಮರಕೋಶದ ವನೌಷಧಿವರ್ಗವನ್ನು ಬಾಯಿಪಾಠ ಮಾಡಿದವರಲ್ಲಿ ನಾನೂ ಒಬ್ಬನು. ಅಭಯಾ, ಪಥ್ಯಾ, ಅಮೃತಾ, ಶಿವಾ, ಇವೆಲ್ಲ ಹರೀತಕಿಯ ಹೆಸರುಗಳು. ರಾಜವೃಕ್ಷ, ಚತುರಂಗುಲ, ವ್ಯಾಧಿಘಾತ, ಕೃತಮಾಲ, ಇವು ಆರಗ್ವಧದ ಹೆಸರುಗಳು. ಹೆಸರುಗಳು ನಾಲಿಗೆಯ ಮೇಲಿದ್ದವು. ಮರಗಳು ಕಣ್ಣ ಮುಂದಿರಲಿಲ್ಲ. ಮುಂದೆ ಶಿಕ್ಷಕನಾಗಿ ಹಳಿಯಾಳದ ಕಡೆಗೆ ಬಂದ ಮೇಲೆಯೇ ಅವುಗಳ ಪರಿಚಯವಾಯಿತು. ಹಳಿಯಾಳದಿಂದ ಮುಂಡಗೋಡದವರೆಗಿನ ಎಲೆಯುದುರುವ ಕಾಡುಗಳಲ್ಲಿ ವೈಶಾಖದ ಬಿಸಿಲಿಗೆ ಮೈತುಂಬ ಹಳದಿಯ ಗೊಂಚಲುಗಳನ್ನು ಇಳಿಬಿಡುವ ಕಕ್ಕೆಯ ಮರವೇ ಆ ಆರಗ್ವಧವು. ಅದೇ ಸೀಮೆಯ ಮರಾಠಿಗರು ಹಿರಡಾ ಎನ್ನುವ ಅಳಲೆಕಾಯಿಯೇ ಆ ಹರೀತಕಿಯು. ದಾಂಡೇಲಿಯ ಅಡವಿಯ ಕರಡಿಗಳು ಕಕ್ಕೆಯ ಕೋಡುಗಳನ್ನು ಒಡೆದು ಒಳಗಿನ ಸಿಹಿ ತಿರುಳನ್ನು ತಿನ್ನುವವು. ಅದರ ಬೀಜಗಳನ್ನು ಕಾಡಿನಲ್ಲಿ ಬಿತ್ತುವ ಒಕ್ಕಲಿಗರು ಅವೇ. ಅಳಲೆಕಾಯಿಯನ್ನಾದರೋ ಆಂಗ್ಲರ ಆಳ್ವಿಕೆಯಲ್ಲಿ ತೊಗಲು ಹದಮಾಡುವ ಸಲುವಾಗಿ ಈ ಜಿಲ್ಲೆಯ ಕಾಡುಗಳಿಂದ ಕೂಡಿಸಿ ಹೊರಗೆ ಕಳಿಸುತ್ತಿದ್ದರು. ಔಷಧಿಯೆಂದು ಅಮರಸಿಂಹನು ಹಾಡಿದ ಕಾಯಿಯು ಅರಣ್ಯಖಾತೆಯ ಲೆಕ್ಕಪತ್ರಗಳಲ್ಲಿ ಕೇವಲ ತೊಗಲಿನ ಸರಕಾಗಿ ಕುಳಿತಿತು.

ಚರಕನು ಸೂತ್ರಸ್ಥಾನದಲ್ಲಿಯೇ ಶೋಧನಯೋಗಗಳು ಆರು ನೂರೆಂದು ಎಣಿಸಿರುವನು. ವಮನಕ್ಕೆ 355, ವಿರೇಚನಕ್ಕೆ 245. ಈ 245ರಲ್ಲಿ ತಿಗಡೆಯದೇ 110. ದಂತಿಯ ಜಾತಿಯವು 48. ಕಳ್ಳಿಯ ಹಾಲಿನವು 20. ಕಕ್ಕೆಯವು 12 ಮಾತ್ರ. ಸಂಖ್ಯೆಯಲ್ಲಿ ಕಕ್ಕೆಯು ಎಲ್ಲಕ್ಕಿಂತ ಕಡಿಮೆಯದು. ಆದರೆ ಶ್ರೇಷ್ಠವಸ್ತುಗಳನ್ನು ಹೆಸರಿಸುವ ಪ್ರಸಂಗದಲ್ಲಿ ಚರಕನು ವಿರೇಚನಗಳನ್ನು ಮೂರು ತರಗತಿಗಳಾಗಿ ಒಡೆಯುವನು: ಸುಖವಾಗಿ ಕೆಲಸಮಾಡುವವುಗಳಲ್ಲಿ ತಿಗಡೆಯು ಮೊದಲನೆಯದು, ಮೃದುವಾದವುಗಳಲ್ಲಿ ಕಕ್ಕೆಯು, ತೀಕ್ಷ್ಣವಾದವುಗಳಲ್ಲಿ ಕಳ್ಳಿಯ ಹಾಲು. ಔಷಧವು ಕೆಲಸಮಾಡುವದೋ ಇಲ್ಲವೋ ಎಂಬುದಷ್ಟೇ ಆತನ ಪ್ರಶ್ನೆಯಾಗಿರಲಿಲ್ಲ. ಯಾರ ಕೋಷ್ಠದಲ್ಲಿ ಹೇಗೆ ಕೆಲಸಮಾಡುವದೆಂಬುದೇ ಪ್ರಶ್ನೆಯಾಗಿದ್ದಿತು.

ಈಗ ದೊರೆಯುವ ಕಲ್ಪಸ್ಥಾನವನ್ನು ಪೂರೈಸಿದವನು ದೃಢಬಲನು. ಅದರಲ್ಲಿ ಕಕ್ಕೆಯ ಅಧ್ಯಾಯವು ಚಿಕ್ಕದು, ಆದರೆ ಬಹು ಮಾರ್ಮಿಕವಾದುದು. ಬಾಲರಿಗೆ, ವೃದ್ಧರಿಗೆ, ಗಾಯಗೊಂಡವರಿಗೆ, ಸೊರಗಿದವರಿಗೆ, ಸುಕುಮಾರರಿಗೆ ಕಕ್ಕೆಯನ್ನೇ ವಿಶೇಷವಾಗಿ ಕೊಡಬೇಕು. ಏಕೆಂದರೆ ಅದು ಮೃದುವಾದುದು ಮತ್ತು ಅಪಾಯವಿಲ್ಲದುದು, ಎಂಬುದು ಅಲ್ಲಿಯ ತಾತ್ಪರ್ಯ. ತಿರುಳನ್ನು ಸಿದ್ಧಪಡಿಸುವ ಬಗೆಯನ್ನೂ ಹೇಳಿದೆ. ಚೆನ್ನಾಗಿ ಬಲಿತ ಕಾಯಿಗಳನ್ನು ಕಾಲದಲ್ಲಿ ತಂದು ಏಳು ದಿವಸ ಮರಳಿನಲ್ಲಿ ಹುದುಗಿಸಿಡಬೇಕು. ಆ ಮೇಲೆ ಬಿಸಿಲಿಗೆ ಒಣಗಿಸಿ, ತಿರುಳನ್ನು ತೆಗೆದು ಶುದ್ಧವಾದ ಪಾತ್ರೆಯಲ್ಲಿ ಕಾಯ್ದಿಡಬೇಕು. ಇದೇ ಸ್ಥಾನದಲ್ಲಿ ಕಳ್ಳಿಯ ವಿಷಯಕ್ಕೆ ಬಂದಾಗ ಶಾಸ್ತ್ರಕಾರನ ದನಿಯೇ ಬೇರೆಯಾಗುವದು. ಅದು ವಿರೇಚನಗಳಲ್ಲೆಲ್ಲ ತೀಕ್ಷ್ಣತಮವಾದುದು. ಮೃದುಕೋಷ್ಠದವರಿಗೆ ಎಂದೂ ಕೊಡಲಾಗದು. ದೋಷವು ಸ್ವಲ್ಪವಿದ್ದಾಗ ಕೊಡಲಾಗದು. ಬೇರೊಂದು ಉಪಾಯವಿರುವಾಗಲೂ ಕೊಡಲಾಗದು. ಬಲಿಷ್ಠವಾದ ಔಷಧವು ಕೈಯಲ್ಲಿರುವಾಗಲೂ ಅದನ್ನು ಹಿಂದಿಡಬೇಕೆಂಬ ಈ ಸಂಯಮವೇ ಪ್ರಾಚೀನರ ನಿಜವಾದ ಶೋಧವೆಂದು ನನಗೆ ತೋರುವದು.

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಸುಶ್ರುತನು ವಿರೇಚನಕ್ಕೆ ಅಯೋಗ್ಯರಾದವರ ಪಟ್ಟಿಯಲ್ಲಿ ಬಾಲರನ್ನೂ ವೃದ್ಧರನ್ನೂ ಸೇರಿಸಿರುವನು. ಒಬ್ಬ ಆಚಾರ್ಯನು ವೃದ್ಧರಿಗೆ ಕೊಡಬೇಡವೆಂದೂ ಇನ್ನೊಬ್ಬನು ವೃದ್ಧರಿಗೆ ವಿಶೇಷವಾಗಿ ಕೊಡೆಂದೂ ಹೇಳಿದರೆ ಯಾವದನ್ನು ನಂಬಬೇಕು? ವಿರೋಧವು ಮೇಲುನೋಟಕ್ಕೆ ಮಾತ್ರ. ಸುಶ್ರುತನು ನಿಷೇಧಿಸಿದ್ದು ಸ್ನೇಹ-ಸ್ವೇದಗಳನ್ನು ಮುಂದುಮಾಡಿಕೊಂಡು ದೇಹವನ್ನೆಲ್ಲ ತೊಳೆದುಹಾಕುವ ಶೋಧನಕರ್ಮವನ್ನು. ದೃಢಬಲನು ವಿಧಿಸಿದ್ದು ಮೃದುವಾದ ಅನುಲೋಮನವನ್ನು. ಈ ಭೇದವನ್ನು ಕೆಲವು ಶತಮಾನಗಳ ತರುವಾಯ ಶಾರ್ಙ್ಗಧರನು ಬಹಳ ಸ್ಪಷ್ಟವಾಗಿ ಬಿಡಿಸಿಟ್ಟನು. ಮಲವನ್ನು ಪಕ್ವಮಾಡಿ, ಅದರ ಕಟ್ಟನ್ನು ಸಡಲಿಸಿ ಕೆಳಮುಖವಾಗಿ ಒಯ್ಯುವದು ಅನುಲೋಮನ. ಅದಕ್ಕೆ ಅಳಲೆಕಾಯಿಯು ದೃಷ್ಟಾಂತ. ಕೋಷ್ಠದಲ್ಲಿ ಅಂಟಿಕೊಂಡುದನ್ನು ಜಾರಿಸುವದು ಸ್ರಂಸನ, ಅದಕ್ಕೆ ಕಕ್ಕೆ. ಗಂಟುಗಟ್ಟಿದ್ದನ್ನು ಒಡೆದು ಕೆಡಹುವದು ಭೇದನ, ಅದಕ್ಕೆ ಕಟುಕಿ. ಪಕ್ವಾಪಕ್ವಗಳನ್ನೆಲ್ಲ ನೀರಾಗಿಸಿ ಹೊರಗೆ ತಳ್ಳುವದು ರೇಚನ, ಅದಕ್ಕೆ ತಿಗಡೆ. ನಾಲ್ಕು ಮೆಟ್ಟಲುಗಳ ಈ ಏಣಿಯಲ್ಲಿ ಮುಪ್ಪಿನವನು ಕೆಳಗಿನ ಮೆಟ್ಟಲಿನಲ್ಲಿಯೇ ಕಾಲೂರಿ ನಿಲ್ಲತಕ್ಕವನು.

ಅದಕ್ಕೆ ಕಾರಣವೂ ಉಂಟು. ವಯಸ್ಸಿನ ಕೊನೆಯಲ್ಲಿ ವಾತವು ಪ್ರಬಲವೆಂದು ವಾಗ್ಭಟನು ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿಯೇ ಹೇಳಿರುವನು. ಆ ವಾತಕ್ಕೆ ಪಕ್ವಾಶಯವೇ ನೆಲೆ. ಒಣಗಿದ ಕಾಲುವೆಯಲ್ಲಿ ಪ್ರವಾಹವನ್ನು ನುಗ್ಗಿಸಿದರೆ ದಂಡೆಯು ಕುಸಿಯುವದಲ್ಲದೆ ನೆಲವು ಹಸಿಯಾಗದು. ಆದ್ದರಿಂದ ಸ್ನಿಗ್ಧವಾದ ಔಡಲೆಣ್ಣೆ, ಅಭ್ಯಂಗ, ಬಿಸಿನೀರಿನ ಅವಗಾಹ, ಫಲವರ್ತಿ, ಬಸ್ತಿ ಮೊದಲಾದ ಉಪಾಯಗಳಿಗೆ ಪ್ರಾಶಸ್ತ್ಯವು ಬಂದಿತು. ಇಂದಿನ ಔಷಧದಂಗಡಿಯಲ್ಲಿ ದೊರೆಯುವ ಗ್ಲಿಸರಿನ್ನಿನ ಬತ್ತಿಯನ್ನು ಕಂಡರೆ ಹಳೆಯ ಫಲವರ್ತಿಯ ನೆನಪಾಗದೆ ಇರದು.

ಅಳಲೆಕಾಯಿಯ ಕೀರ್ತಿಯು ಭರತಖಂಡದಲ್ಲಿಯೇ ನಿಲ್ಲಲಿಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನು ಅದರ ಏಳು ಜಾತಿಗಳನ್ನು ಎಣಿಸಿ, ಅಗಿದು ತಿಂದರೆ ಅಗ್ನಿಯು ಹೆಚ್ಚುವದೆಂದೂ, ಅರೆದು ಕುಡಿದರೆ ಮಲಶುದ್ಧಿಯಾಗುವದೆಂದೂ, ಬೇಯಿಸಿದರೆ ಮಲವನ್ನು ಕಟ್ಟುವದೆಂದೂ ಬರೆದನು. ಮಳೆಗಾಲಕ್ಕೆ ಉಪ್ಪಿನೊಡನೆ, ಶರತ್ತಿಗೆ ಸಕ್ಕರೆಯೊಡನೆ, ಬೇಸಗೆಗೆ ಬೆಲ್ಲದೊಡನೆ ಎಂದು ಋತುಗಳನ್ನೂ ನಿಯಮಿಸಿದನು. ಇದೇ ಕಾಯಿಯು ಪಾರಸಿಯಲ್ಲಿ ಹಲೀಲಾ ಎನಿಸಿಕೊಂಡಿತು. ನಮ್ಮ ತ್ರಿಫಲೆಯು ಯೂನಾನಿ ಹಕೀಮರ ಕೈಯಲ್ಲಿ ಇತ್ರಿಫಲವಾಯಿತು. ಬದಲಿಗೆ ಅವರಿಂದ ನಮಗೆ ಬಂದದ್ದು ಸೋನಾಮುಖಿ ಮತ್ತು ಇಸಬಗೋಲು. ಸೋನಾಮುಖಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದವರು ಅರಬ ವೈದ್ಯರು. ಇಸಬಗೋಲೆಂಬುದು ಪಾರಸಿಯ ಶಬ್ದವು. ಬೀಜದ ಆಕಾರದಿಂದ ಅದಕ್ಕೆ ಕುದುರೆಯ ಕಿವಿಯೆಂಬರ್ಥದ ಹೆಸರು ಬಂದಿತು.

ಉತ್ತರದಲ್ಲಿ ಹಿಮಾಲಯವನ್ನು ದಾಟಿಯೂ ಹರೀತಕಿಯು ಹೋಯಿತು. ವಾಗ್ಭಟನ ಅಷ್ಟಾಂಗಹೃದಯವು ಹನ್ನೊಂದನೆಯ ಶತಮಾನದಲ್ಲಿಯೇ ಟಿಬೇಟಿನ ಭಾಷೆಗೆ ಪರಿವರ್ತಿತವಾಗಿದ್ದಿತು. ಅಲ್ಲಿಯ ಬೌದ್ಧರು ಪೂಜಿಸುವ ಭೈಷಜ್ಯಗುರುವಿನ ಬಲಗೈಯಲ್ಲಿ ಕಾಣುವ ಟೊಂಗೆಯು ಈ ಅಳಲೆಕಾಯಿಯದೇ. ಅವರು ಅದನ್ನು ಅರುರಾ ಎನ್ನುವರು. 1966ರಲ್ಲಿ ಮುಂಡಗೋಡದ ಹತ್ತಿರ ಟಿಬೇಟಿ ನಿರಾಶ್ರಿತರ ವಸಾಹತು ಸ್ಥಾಪನೆಯಾದಾಗ ಆ ದೇವರ ಚಿತ್ರಪಟಗಳೂ ಅವರೊಡನೆ ಬಂದವು. ಸಾವಿರ ವರ್ಷಗಳ ಹಿಂದೆ ಪುಸ್ತಕದ ಮೂಲಕ ಇಲ್ಲಿಂದ ಹೋದ ಕಾಯಿಯು ದೇವರ ಕೈಯಲ್ಲಿ ಕುಳಿತು ತನ್ನ ಮರವಿದ್ದ ಕಾಡಿಗೇ ಮರಳಿ ಬಂದುದನ್ನು ಕಂಡು ನಾನು ಬಹಳ ಹೊತ್ತು ಆ ಪಟದ ಮುಂದೆ ನಿಂತಿದ್ದೆನು.

ಪಶ್ಚಿಮದ ಕಡೆಗೆ ಜೋಯಿಡಾದ ಕಾಡುಗಳು ಗೋವೆಯ ಸೀಮೆಗೆ ತಾಗಿರುವವು. ಆ ಗೋವೆಯಲ್ಲಿ 1534ರಿಂದ ನೆಲೆಸಿದ್ದ ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಹಿಂದುಸ್ತಾನದ ಔಷಧಗಳನ್ನು ಕುರಿತು ಸಂವಾದರೂಪವಾದ ಒಂದು ಗ್ರಂಥವನ್ನು ಬರೆದು 1563ರಲ್ಲಿ ಗೋವೆಯಲ್ಲಿಯೇ ಅಚ್ಚುಹಾಕಿಸಿದನು. ಅದರಲ್ಲಿ ಕಕ್ಕೆಗೂ ಅಳಲೆಯ ಜಾತಿಯ ಕಾಯಿಗಳಿಗೂ ಪ್ರತ್ಯೇಕ ಪ್ರಕರಣಗಳಿವೆ. ಯುರೋಪಿನ ಪಂಡಿತರು ಅರಬರ ಪುಸ್ತಕಗಳಲ್ಲಿ ಹೆಸರಿನಿಂದ ಮಾತ್ರ ಬಲ್ಲ ವಸ್ತುಗಳನ್ನು ಆತನು ಇಲ್ಲಿ ನೆಲದಲ್ಲಿ ಬೆಳೆದಂತೆಯೇ ನೋಡಿ ಬರೆದನು. ಹೆಸರನ್ನು ಬಲ್ಲೆ, ಮರವನ್ನು ಅರಿಯೆ ಎಂಬ ಸ್ಥಿತಿಯು ನಮ್ಮ ಪಾಠಶಾಲೆಯ ಹುಡುಗರದಷ್ಟೇ ಆಗಿರಲಿಲ್ಲವೆಂದು ಇದರಿಂದ ತಿಳಿಯುವದು.

ಆದರೆ ಮೃದುವಾದ ಔಷಧಕ್ಕೆ ಒಂದು ಲೋಪವಿದೆ: ಅದು ತನ್ನ ಪ್ರತಾಪವನ್ನು ತೋರಿಸದು. ನೋಡುವವರಿಗೆ ಪ್ರತಾಪವು ಬೇಕು. ಮಧ್ಯಯುಗದ ರಸಗ್ರಂಥಗಳಲ್ಲಿ ಪಾರದ, ಗಂಧಕಗಳೊಡನೆ ಜಾಪಾಳದ ಬೀಜವನ್ನು ಸೇರಿಸಿ ಮಾಡುವ ಇಚ್ಛಾಭೇದಿಯೆಂಬ ಮಾತ್ರೆಯು ಪ್ರಸಿದ್ಧಿಗೆ ಬಂದಿತು. ತಣ್ಣೀರನ್ನು ಕುಡಿದಷ್ಟು ಸಲ ಭೇದಿ, ಬಿಸಿನೀರನ್ನು ಕುಡಿದರೆ ನಿಲುಗಡೆ, ಎಂಬುದು ಅದರ ಹೆಗ್ಗಳಿಕೆ. ಪಶ್ಚಿಮದಲ್ಲಿಯೂ ಹೀಗೆಯೇ ಆಯಿತು. ಅಮೇರಿಕೆಯ ಫಿಲಡೆಲ್ಫಿಯಾ ಪಟ್ಟಣದಲ್ಲಿ 1793ರ ಹಳದಿ ಜ್ವರದ ಕಾಲಕ್ಕೆ ಬೆಂಜಮಿನ್ ರಶ್ ಎಂಬ ಪ್ರಖ್ಯಾತ ವೈದ್ಯನು ಪಾರದದ ಕ್ಯಾಲೊಮೆಲ್ಲನ್ನೂ ಜಲಾಪವೆಂಬ ಬೇರನ್ನೂ ಹತ್ತು ಹತ್ತು ಗುಂಜಿಯ ಸುಮಾರಿಗೆ ಬೆರಸಿ ರೋಗಿಗಳಿಗೆ ಕೊಟ್ಟನು. ಕ್ಯಾಲೊಮೆಲ್ಲಿನಿಂದ ಒಸಡುಗಳು ಕೊಳೆತು ಹಲ್ಲುದುರುವದನ್ನು ಕಂಡೂ ವೈದ್ಯರು ಅದನ್ನು ಬಿಡಲಿಲ್ಲ. 1863ರಲ್ಲಿ ಅಲ್ಲಿಯ ಸೈನ್ಯದ ಮುಖ್ಯ ವೈದ್ಯಾಧಿಕಾರಿಯಾದ ಹ್ಯಾಮಂಡನು ಅದನ್ನು ಔಷಧಗಳ ಪಟ್ಟಿಯಿಂದ ತೆಗೆದುಹಾಕಿದಾಗ ವೈದ್ಯಮಂಡಲಿಯೇ ಅವನ ಮೇಲೆ ಸಿಟ್ಟಿಗೆದ್ದಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇನ್ನೊಂದು ಭ್ರಮೆಯು ಹಬ್ಬಿತು. ದೊಡ್ಡ ಕರುಳಿನಲ್ಲಿ ನಿಂತ ಮಲವು ವಿಷವಾಗಿ ರಕ್ತಕ್ಕೆ ಸೇರಿ ಮುಪ್ಪನ್ನೇ ತರುವದೆಂದು ದೊಡ್ಡ ದೊಡ್ಡವರೂ ನಂಬಿದರು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನನು ಮಲಬದ್ಧತೆಗಾಗಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವಷ್ಟು ಮುಂದುವರಿದನು. 1919ರಲ್ಲಿ ಅಮೇರಿಕೆಯ ವಾಲ್ಟರ್ ಆಲ್ವರೆಜ್ ಎಂಬ ವೈದ್ಯನು, ಮಲಬದ್ಧತೆಯಲ್ಲಿ ಆಗುವ ತಲೆನೋವು, ಜಡತೆ ಮೊದಲಾದವುಗಳು ಗುದನಾಳವು ಹಿಗ್ಗಿದ್ದರಿಂದ ಆಗುವವಲ್ಲದೆ ವಿಷದಿಂದಲ್ಲವೆಂದು ವಾದಿಸಿದನು. ಮಲವು ಹೊರಗೆ ಹೋದೊಡನೆಯೇ ತಲೆನೋವು ಇಳಿಯುವದಷ್ಟೆ. ವಿಷವು ರಕ್ತಕ್ಕೆ ಸೇರಿದ್ದರೆ ಅಷ್ಟು ಬೇಗ ಇಳಿಯುವದೆಂತು? ಈ ಸರಳವಾದ ತರ್ಕಕ್ಕೂ ಜನರ ಭಯವು ಹೋಗಲಿಲ್ಲ. ಫಿನಾಲ್ಫ್‌ಥೇಲಿನ್ ಎಂಬ ದ್ರವ್ಯದ ಭೇದಿಗುಣವು ಆ ಶತಮಾನದ ಆರಂಭದಲ್ಲಿ ಹಂಗೇರಿಯಲ್ಲಿ ಗೊತ್ತಾಗಿ, ಸಿಹಿತಿಂಡಿಯ ರೂಪದಲ್ಲಿ ಮನೆಮನೆಗೂ ನುಗ್ಗಿತು. ಅರ್ಬುದರೋಗದ ಶಂಕೆಯಿಂದ ಅಮೇರಿಕೆಯ ಸರಕಾರವು ಅದನ್ನು 1999ರಲ್ಲಿ ನಿಷೇಧಿಸಬೇಕಾಯಿತು.

ಈ ಎಲ್ಲ ದೂರದೇಶದ ಕಥೆಗಳನ್ನು ಓದುವಾಗ ನಗುವದು ಸುಲಭ. ನಾನು ನಗಲಾರೆನು. ನನ್ನ ತಂದೆಯವರು ವೈದಿಕರು. ಎಂಬತ್ತೊಂದು ವರ್ಷದವರೆಗೆ ತಮ್ಮ ಬಟ್ಟೆಗಳನ್ನು ತಾವೇ ಒಗೆದುಕೊಂಡವರು. ಕೊನೆಯ ವರ್ಷಗಳಲ್ಲಿ ಹಲ್ಲುಗಳು ಹೋದ ಮೇಲೆ ಜೋಳದ ರೊಟ್ಟಿಯನ್ನೂ ಸೊಪ್ಪಿನ ಪಲ್ಯವನ್ನೂ ಬಿಟ್ಟು ಮೆತ್ತನ್ನ ಅನ್ನ-ಮಜ್ಜಿಗೆಗೆ ಇಳಿದರು. ರಾತ್ರಿ ಏಳಬೇಕಾಗುವದೆಂದು ಸಂಜೆಯ ಮೇಲೆ ನೀರು ಕುಡಿಯುತ್ತಿರಲಿಲ್ಲ. ಹಿತ್ತಿಲಿನ ಕಡೆಗೆ ಹೋಗಿ ಬಹಳ ಹೊತ್ತು ಕುಳಿತು ಬರಿದೆ ಮರಳುವದನ್ನು ನಾವು ಕಂಡಿದ್ದೆವು, ಕೇಳಿರಲಿಲ್ಲ. ಅವರೂ ಹೇಳಲಿಲ್ಲ. ಜಾತ್ರೆಯಲ್ಲಿ ಯಾವನೋ ಒಬ್ಬ ತಿರುಗು ವ್ಯಾಪಾರಿಯಿಂದ ಗುಳಿಗೆಗಳನ್ನು ತಂದು ಗುಟ್ಟಾಗಿ ತೆಗೆದುಕೊಳ್ಳಹತ್ತಿದ್ದರೆಂಬುದು ತರುವಾಯ ತಿಳಿಯಿತು. ಒಂದು ರಾತ್ರಿ ಭೇದಿಯು ನಿಲ್ಲದಾಯಿತು. ಎಂಟೋ ಹತ್ತೋ ಸಲವಾದ ಮೇಲೆ ಕಣ್ಣುಕತ್ತಲೆ ಬಂದು ಹಿತ್ತಿಲಿನ ಮೆಟ್ಟಲ ಮೇಲೆ ಬಿದ್ದರು. ತೊಡೆಯ ಎಲುಬು ಮುರಿಯಿತು. ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಉಳಿದ ಗುಳಿಗೆಗಳನ್ನು ನೋಡಿದ ವೃದ್ಧ ವೈದ್ಯರೊಬ್ಬರು, ಇದರಲ್ಲಿ ಜಾಪಾಳವಿದೆ, ಈ ವಯಸ್ಸಿಗೆ ಇದು ಸಲ್ಲದು, ಎಂದಷ್ಟೇ ನುಡಿದರು.

ಅದು ಆಗಿ ಇಪ್ಪತ್ತೆರಡು ವರ್ಷಗಳಾದವು. ವೃದ್ಧರಿಗೆ ಕಕ್ಕೆಯೇ ಯೋಗ್ಯವೆಂಬ ಆ ಶ್ಲೋಕವನ್ನು ನಾನು ಸಮಾಸಗಳನ್ನು ಬಿಡಿಸುವದಕ್ಕಾಗಿ ವಿದ್ಯಾರ್ಥಿಗಳ ಮುಂದೆ ಎಷ್ಟೋ ಸಲ ಬರೆದಿದ್ದೆನು. ಅದರಲ್ಲಿಯ ‘ವೃದ್ಧ’ ಶಬ್ದವು ನನಗೆ ಸಪ್ತಮೀ ವಿಭಕ್ತಿಯ ಉದಾಹರಣೆಯಾಗಿತ್ತೇ ಹೊರತು ಪಡಸಾಲೆಯಲ್ಲಿ ಕುಳಿತ ನನ್ನ ತಂದೆಯವರಾಗಿರಲಿಲ್ಲ.

ಇಂದಿನ ವೈದ್ಯಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುವದೆಂಬುದನ್ನು ಸಂಕ್ಷೇಪವಾಗಿ ಹೇಳುವದು ಅವಶ್ಯವು. ದಿವಸಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಶೌಚವಾಗುವದೆಲ್ಲ ಸಹಜವೇ. ಪ್ರತಿದಿನವೂ ಆಗಲೇಬೇಕೆಂಬ ಹಟದಿಂದಲೇ ಅನೇಕರು ಔಷಧದ ದಾಸರಾಗುವರು. ಮುಪ್ಪಿನಲ್ಲಿ ನಡೆದಾಟವೂ ಆಹಾರವೂ ನೀರೂ ಕಡಿಮೆಯಾಗುವದರಿಂದ ಮಲಬದ್ಧತೆಯು ಬರುವದು. ನೋವಿಗೆ ಕೊಡುವ ಅಫೀಮಿನ ಜಾತಿಯ ಮಾತ್ರೆಗಳು, ಕಬ್ಬಿಣದ ಮತ್ತು ಸುಣ್ಣದ ಅಂಶದ ಗುಳಿಗೆಗಳು, ರಕ್ತದ ಒತ್ತಡದ ಕೆಲವು ಔಷಧಗಳು, ಸಿಹಿಮೂತ್ರ, ಕಂಪವಾತ ಮೊದಲಾದವುಗಳಿಂದಲೂ ಬರುವದು. ಆದ್ದರಿಂದ ಮೊದಲು ಕಾರಣವನ್ನು ಹುಡುಕಬೇಕು. ಔಷಧವು ಆ ಮೇಲಿನದು.

ಔಷಧಗಳಲ್ಲಿಯೂ ಶಾರ್ಙ್ಗಧರನ ಏಣಿಯಂಥ ಕ್ರಮವೇ ಈಗಲೂ ಇದೆ. ಇಸಬಗೋಲಿನ ಹೊಟ್ಟು ನೀರನ್ನು ಹೀರಿ ಉಬ್ಬಿ ಮಲಕ್ಕೆ ಗಾತ್ರವನ್ನು ಕೊಡುವದು. ಆದರೆ ಸಾಕಷ್ಟು ನೀರಿಲ್ಲದೆ ತೆಗೆದುಕೊಂಡರೆ ಅದೇ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಗಡ್ಡೆಯಾಗಬಹುದು. ಲ್ಯಾಕ್ಟ್ಯುಲೋಸ್, ಪಾಲಿಎಥಿಲೀನ್ ಗ್ಲೈಕಾಲ್ ಎಂಬವು ಕರುಳಿನೊಳಗೆ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುವವು. ಮುಪ್ಪಿನವರಿಗೆ ವೈದ್ಯರು ಹೆಚ್ಚಾಗಿ ಇವನ್ನೇ ಮೊದಲು ಹೇಳುವರು. ಸೋನಾಮುಖಿಯ ಸತ್ವವು ದೊಡ್ಡ ಕರುಳಿನಲ್ಲಿಯ ಸೂಕ್ಷ್ಮಜೀವಿಗಳಿಂದ ಒಡೆದು ಕರುಳನ್ನು ಪ್ರಚೋದಿಸುವದು. ಕಕ್ಕೆಯ ತಿರುಳಿನಲ್ಲಿರುವದೂ ಅದೇ ಕುಲದ ಸತ್ವವು. ಔಡಲೆಣ್ಣೆಯ ಆಮ್ಲವು ಕರುಳಿನ ಯಾವ ಗ್ರಾಹಕದ ಮೇಲೆ ಕೆಲಸಮಾಡುವದೆಂಬುದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳಿಂದ ಗೊತ್ತಾಯಿತು. ಅಜ್ಜಿಯಂದಿರು ಶತಮಾನಗಳಿಂದ ಬಲ್ಲ ಕಾರ್ಯಕ್ಕೆ ಕಾರಣವು ಹೀಗೆ ತಡವಾಗಿ ದೊರೆಯಿತು. ಮೂತ್ರಪಿಂಡವು ದುರ್ಬಲವಾದವರಿಗೆ ಮೆಗ್ನೀಸಿಯದ ಉಪ್ಪುಗಳೂ, ಹಾಸಿಗೆ ಹಿಡಿದು ನುಂಗಲು ಕಷ್ಟಪಡುವವರಿಗೆ ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆಯೂ ಅಪಾಯಕರವು. ಕಾಡಿನ ಕಕ್ಕೆಯನ್ನು ತಂದು ತಾವೇ ಪ್ರಯೋಗಿಸುವದೂ ತರವಲ್ಲ. ಶಾಸ್ತ್ರದ ಹೊಗಳಿಕೆಯು ಬಲ್ಲ ವೈದ್ಯನ ಕೈಯಲ್ಲಿರುವ ಕಕ್ಕೆಗೆ ಸಲ್ಲತಕ್ಕದ್ದು. ಮುಪ್ಪಿನಲ್ಲಿ ಹೊಸದಾಗಿ ಮಲಬದ್ಧತೆಯುಂಟಾದರೆ, ರಕ್ತ ಕಂಡರೆ, ಮೈ ಸೊರಗಿದರೆ, ಹೊಟ್ಟೆಯುಬ್ಬಿ ವಾಂತಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗಟ್ಟಿಯಾದ ಮಲವು ಅಡ್ಡವಾಗಿ ಕುಳಿತು ಅದರ ಬದಿಯಿಂದ ನೀರಷ್ಟೇ ಸೋರುವದುಂಟು. ಅದನ್ನು ಭೇದಿಯೆಂದು ತಿಳಿದು ಕಟ್ಟುವ ಔಷಧವನ್ನು ಕೊಟ್ಟರೆ ಅನರ್ಥವಾಗುವದು.

ನನಗೆ ಈಗ ಅರವತ್ತೆಂಟು. ಕಳೆದ ಮಾಘದಲ್ಲಿ ಮಗಳು ತವರಿಗೆ ಬಂದಾಗ, ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಬರಲು ತಡಮಾಡಿದ್ದನ್ನು ಕಂಡು, “ಅಪ್ಪಾ, ಹೊಟ್ಟೆ ಸರಿಯಾಗಿ ಹೋಗ್ತದಲ್ಲಾ?” ಎಂದು ನೆಟ್ಟಗೆ ಕೇಳಿದಳು. ಮೈಯೆಲ್ಲ ನಾಚಿಕೆಯಾಯಿತು. ಇಲ್ಲವೆಂದು ಹೇಳುವದಕ್ಕೆ ಒಂದು ಗಳಿಗೆ ಹಿಡಿಯಿತು, ಆದರೂ ಹೇಳಿದೆನು. ಅವಳು ನನ್ನ ಗುಳಿಗೆಗಳ ಡಬ್ಬಿಯನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಕರೆದೊಯ್ದಳು. ರಕ್ತದ ಒತ್ತಡಕ್ಕೆಂದು ಹೊಸದಾಗಿ ಆರಂಭಿಸಿದ ಗುಳಿಗೆಯೇ ಕಾರಣವಾಗಿರಬೇಕೆಂದು ಅವರು ಅದನ್ನು ಬದಲಿಸಿಕೊಟ್ಟರು. ಹದಿನೈದು ದಿವಸಗಳಲ್ಲಿ ಎಲ್ಲವೂ ಸರಿಹೋಯಿತು, ವಿರೇಚನವೇ ಬೇಕಾಗಲಿಲ್ಲ. ಆರು ನೂರು ಯೋಗಗಳನ್ನೆಣಿಸಿದ ಶಾಸ್ತ್ರವನ್ನು ಓದಿದ ನಾನು ನನ್ನ ತಂದೆಯವರನ್ನು ಕೇಳದೆ ಉಳಿದ ಪ್ರಶ್ನೆಯನ್ನು, ಸಂಸ್ಕೃತವನ್ನೇ ಅರಿಯದ ಮಗಳು ನನ್ನನ್ನು ಕೇಳಿದಳು. ಮನೆಯಲ್ಲಿ ಹಿರಿಯರಿರುವ ವಾಚಕರು ಈ ಲೇಖನವನ್ನು ಮಡಿಚಿಟ್ಟು, ಇಂದು ಸಂಜೆಯೇ ಅವರ ಹತ್ತಿರ ಕುಳಿತು ಅದನ್ನೊಮ್ಮೆ ಕೇಳಬೇಕೆಂದು ಪ್ರಾರ್ಥನೆ.